ಚಿಗರಿ ಬಸ್ಸಿನಲ್ಲಿ ಹೊಲಿಗೆ ಬಿಚ್ಚಿದಾಗ

ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ, ಅಂದರೆ ಈ ಎರಡು ಊರಿನ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಸ್ಸಿನಲ್ಲಿ, ಹೊರಟಿದ್ದೆ. ಹೊಸೂರಿನಲ್ಲಿ ಹತ್ತಿದ ಹುಡುಗಿಯೊಬ್ಬಳು ಮೇಲಿನ ಹಿಡಿಕೆಗೆ ಕೈ ಎತ್ತಿದಳು. ಪರ್ರ್ ಅಂತ ಸದ್ದು. ಕಂಕುಳ ಕೆಳಗೆ ಚೂಡಿದಾರದ ಹೊಲಿಗೆ ನಾಲ್ಕು ಬೆರಳಷ್ಟು ಬಿಚ್ಚಿತ್ತು. "ಅಕ್ಕಾರ, ನಿಮ್ಮ ಕಡೆ ಒಂದು ಪಿನ್ ಐತೇನ್ರಿ? ಇಂಟರ್‌ವ್ಯೂಕ್ಕ ಹೊಂಟೇನ್ರಿ" ಅಂದಳು. ಕಣ್ಣು ತುಂಬಿತ್ತು. ಉಣಕಲ್ ಕೆರೆಯ ನಿಲ್ದಾಣದಲ್ಲಿ ಇಬ್ಬರೂ ಇಳಿದೆವು.

ನಾನು ದುರ್ಗದಬೈಲಿನ ಹತ್ತಿರದ ಓಣಿಯಲ್ಲಿ ಜಂಪರ, ಚೂಡಿದಾರ ಹೊಲಿಯುವವಳು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ತಗಡಿನ ಡಬ್ಬಿ ಇರುತ್ತದೆ. ಕಪ್ಪು ದಾರ ಪೋಣಿಸಿದ ಒಂದು ಸೂಜಿ, ಬಿಳಿ ದಾರದ್ದು ಒಂದು, ಸಣ್ಣ ದೊಡ್ಡ ಪಿನ್ನುಗಳು, ನಾಲ್ಕು ಅಂಗಿ ಗುಂಡಿ, ಎರಡು ಹುಕ್ಕು, ಒಂದು ಮೊಳ ಲಾಡಿ, ಮೇಣದಬತ್ತಿಯ ತುಣುಕು. ಇಷ್ಟೇ. ದಾರ ಮೊದಲೇ ಪೋಣಿಸಿರಬೇಕು. ಗಾಬರಿಯಲ್ಲಿ ಕೈ ನಡುಗುವಾಗ ಸೂಜಿಯ ಕಣ್ಣು ಕಾಣುವುದಿಲ್ಲ.

ಆ ಹುಡುಗಿ ವೇಲು ಹೊದ್ದು, ಗೋಡೆ ಕಡೆ ಮುಖ ಮಾಡಿ, ಒಂದು ತೋಳನ್ನು ಹೊರಗೆ ತೆಗೆದಳು. ಬಟ್ಟೆ ಮೈಮೇಲೆ ಇದ್ದಂತೆಯೇ ಹೊಲಿಯಬೇಡಿ. ಸೂಜಿ ಚುಚ್ಚುತ್ತದೆ, ಒಳಗಿನ ಬಟ್ಟೆಯೂ ಜೊತೆಗೆ ಸಿಕ್ಕಿಕೊಳ್ಳುತ್ತದೆ. ತೋಳನ್ನು ಒಳಮಗ್ಗುಲು ಮಾಡಿ ಗವಂತಿ ಹಾಕಿದೆ. ನಮ್ಮ ಕಸೂತಿಯಲ್ಲಿ ಬರುವ ಗವಂತಿಯೇ. ಹೋಗುವಾಗ ಒಂದು ಟಾಕಿ (ಸೂಜಿಯ ಒಂದು ಹೊಲಿಗೆ) ಮೇಲೆ, ಒಂದು ಕೆಳಗೆ. ತಿರುಗಿ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಬರಬೇಕು. ಎರಡೂ ಬದಿ ಒಂದೇ ಸಮ ಕಾಣುತ್ತದೆ, ಎಳೆದರೂ ಬಾಯಿ ಬಿಡುವುದಿಲ್ಲ. ಒಂದೇ ಸಲ ಹೋಗಿ ಬಿಟ್ಟ ಕಚ್ಚಾ ಹೊಲಿಗೆ ಮತ್ತೆ ಕೈ ಎತ್ತಿದರೆ ಬಿಚ್ಚುತ್ತದೆ. ಬಿಚ್ಚಿದ ಜಾಗಕ್ಕಿಂತ ಅರ್ಧ ಬೆರಳು ಹಿಂದಿನಿಂದ ಶುರು ಮಾಡಿ, ಅರ್ಧ ಬೆರಳು ಮುಂದೆ ಹೋಗಿ ಮುಗಿಸಿ. ಹತ್ತು ನಿಮಿಷಕ್ಕೆ ಮುಂದಿನ ಬಸ್ಸು ಹತ್ತಿದೆವು.

ಸೂಜಿ ಇಲ್ಲದಿದ್ದರೆ ಪಿನ್ ಸಾಕು, ಆದರೆ ಹಾಕುವ ರೀತಿ ಇದೆ. ಒಳಗಿನಿಂದ, ಮಾರ್ಜಿನ್ ಬಟ್ಟೆಗೆ, ಹೊಲಿಗೆಯ ಉದ್ದಕ್ಕೆ ಹಾಕಿ. ಅಡ್ಡ ಹಾಕಿದರೆ ಬಟ್ಟೆ ಸುಕ್ಕಾಗಿ ಪಿನ್ ಎದ್ದು ಕಾಣುತ್ತದೆ. ಇರಕಲ್ (ಇಳಕಲ್) ಸೀರೆ ಉಟ್ಟಾಗ ಇನ್ನೂ ಜೋಪಾನ. ಅದರ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡಿದ ಗೆರೆಯ ಮೇಲೆ ಪಿನ್ ಚುಚ್ಚಲೇಬೇಡಿ. ಬಳೆಗೆ ಸಿಕ್ಕಿ ಜರಿಯ ಎಳೆ ಹೊರಗೆ ಬಂದರೆ ಕತ್ತರಿಸಬೇಡಿ, ಸೂಜಿಯಿಂದ ಹಿಂಬದಿಗೆ ಎಳೆದುಕೊಳ್ಳಿ. ಕತ್ತರಿಸಿದ ಎಳೆ ಮತ್ತೆ ಕೂಡುವುದಿಲ್ಲ.

ಪರಕರದ (ಸೀರೆಯ ಒಳಲಂಗದ) ಲಾಡಿ ಒಳಗೆ ಹೋದರೆ ಪೂರ್ತಿ ಹೊರಗೆಳೆದುಬಿಡಿ. ಒಂದು ತುದಿಗೆ ದೊಡ್ಡ ಪಿನ್ ಹಾಕಿ, ನೇಫದೊಳಗೆ, ಅಂದರೆ ಲಾಡಿ ಪೋಣಿಸುವ ಮಡಿಕೆಯೊಳಗೆ, ಬೆರಳಿನಿಂದ ಸರಿಸುತ್ತ ಬನ್ನಿ, ಆ ಕಡೆ ಬರುತ್ತದೆ. ಮನೆಗೆ ಹೋದ ಮೇಲೆ ಬೆನ್ನಿನ ನಡುವೆ ಲಾಡಿಯನ್ನೂ ನೇಫವನ್ನೂ ಸೇರಿಸಿ ಎರಡು ಟಾಕಿ ಹಾಕಿ. ಆಮೇಲೆ ಅದು ಒಳಗೆ ಹೋಗುವುದೇ ಇಲ್ಲ. ನಾನು ಹೊಲಿದು ಕೊಡುವ ಪರಕರಕ್ಕೆಲ್ಲ ಇದನ್ನು ಹಾಕಿಯೇ ಕೊಡುತ್ತೇನೆ.

ಅಂಗಿಯ ಎದೆಯ ಗುಂಡಿ ಹೋದರೆ ಎಲ್ಲಕ್ಕಿಂತ ಕೆಳಗಿನದನ್ನು ಕಿತ್ತು ಮೇಲೆ ಹಾಕಿ. ಅದು ಪ್ಯಾಂಟಿನೊಳಗೆ ಇರುತ್ತದೆ, ಅಲ್ವಾ? ಪ್ಯಾಂಟಿನ ಚೈನು ಜಾರುತ್ತಿದ್ದರೆ ಅದರ ಹಿಡಿಯ ತೂತಿಗೆ ದಾರದ ಉಂಗುರ ಕಟ್ಟಿ ಸೊಂಟದ ಗುಂಡಿಗೆ ಸಿಕ್ಕಿಸಿ, ಮೇಲೆ ಗುಂಡಿ ಹಾಕಿ. ಚೈನು ಗಟ್ಟಿಯಾಗಿ ಸರಿಯದಿದ್ದರೆ ಹಲ್ಲುಗಳಿಗೆ ಮೇಣ ಉಜ್ಜಿ. ಹಲ್ಲು ಕೂಡದೆ ಹಿಂದೆಯೇ ಬಾಯಿ ಬಿಟ್ಟರೆ, ಚಪ್ಪಲಿ ಹೊಲಿಯುವವರ ಹತ್ತಿರ ಇಕ್ಕಳ ಕೇಳಿ, ಸರಿಯುವ ತುಂಡಿನ ಎರಡೂ ಅಂಚನ್ನು ತುಸು ಒತ್ತಿ. ತುಸುವೇ. ಜಾಸ್ತಿ ಒತ್ತಿದರೆ ಮುರಿಯುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕ್ಷಣದಲ್ಲಿ ಹಿಡಿಯುವ ಆ ಸಣ್ಣ ಟ್ಯೂಬಿನ ಅಂಟನ್ನು ಬಟ್ಟೆಗೆ ಹಾಕಬೇಡಿ. ಹತ್ತಿ ಬಟ್ಟೆಗೆ ಬಿದ್ದರೆ ಅದು ಥಟ್ಟನೆ ಬಿಸಿಯಾಗಿ ಚರ್ಮ ಸುಡುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಅಂಗಿ ತೊಟ್ಟುಕೊಂಡೇ ಅಂಟು ಹಾಕಿ ಹೊಟ್ಟೆ ಸುಟ್ಟುಕೊಂಡು ಬಂದಿದ್ದ. ಆ ಅಂಗಿಗೆ ನನ್ನಿಂದಲೂ ಏನೂ ಮಾಡಲಾಗಲಿಲ್ಲ. ಅಂಟು ಕಲ್ಲಾದಲ್ಲಿ ಸೂಜಿ ಇಳಿಯುವುದಿಲ್ಲ.

ಇನ್ನು ಕಲೆ. ಮಿರ್ಚಿ ಭಜಿಯ ಎಣ್ಣೆ ಬಿದ್ದರೆ ನೀರು ಹಚ್ಚಬೇಡಿ. ಪೌಡರೋ ಮೈದಾ ಹಿಟ್ಟೋ ಉದುರಿಸಿ ಹತ್ತು ನಿಮಿಷ ಬಿಟ್ಟು ಜಾಡಿಸಿ. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಮದುವೆಯಲ್ಲಿ ಧೋತರಕ್ಕೆ ಸಾರು ಚೆಲ್ಲಿದಾಗ ಸೋಪು ಹಚ್ಚಿ, ಅರಿಶಿನ ಕೆಂಪಾಯಿತೆಂದು ಹೆದರುವವರು ಬಹಳ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ, ತೊಳೆದರೆ ಮತ್ತೆ ಹಳದಿ. ಅಲ್ಲಿ ಬರೀ ನೀರಿನಿಂದ ಒತ್ತಿ ತೆಗೆಯಿರಿ. ಮನೆಯಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಉಳಿದದ್ದು ಮಾಸುತ್ತದೆ.

ನಮ್ಮ ಎರೆಮಣ್ಣಿನ ಕೆಸರು ಸಿಡಿದರೆ ಕೈಯಿಂದ ಒರೆಸಬೇಡಿ. ಒರೆಸಿದಷ್ಟೂ ಎಳೆಯೊಳಗೆ ಇಳಿಯುತ್ತದೆ. ಒಣಗಲಿ ಬಿಡಿ, ಆಮೇಲೆ ಉಗುರಿನಿಂದ ಕೆರೆದು ಜಾಡಿಸಿ.

ಮನೆಗೆ ಬಂದ ಮೇಲೆ ದಾರಿಯಲ್ಲಿ ಹಾಕಿದ ಹೊಲಿಗೆ ಬಿಚ್ಚಿ, ಮಷಿನ್ನಿನಲ್ಲಿ ಸರಿಯಾಗಿ ಹೊಲಿಸಿಕೊಳ್ಳಿ. ಪಿನ್ನನ್ನು ಬಟ್ಟೆಯಲ್ಲೇ ಬಿಟ್ಟು ಒಗೆಯಬೇಡಿ, ತುಕ್ಕಿನ ಕಲೆ ಕೂರುತ್ತದೆ. ಅದೇ ರಾತ್ರಿ ಸೂಜಿಗೆ ಮತ್ತೆ ದಾರ ಪೋಣಿಸಿ ಡಬ್ಬಿಯಲ್ಲಿಡಿ.