ಒಬ್ಬರೇ ಕಾರು ಓಡಿಸುವ ದೂರದ ಪ್ರಯಾಣ: ಕಿಲೋಮೀಟರಿಗಿಂತ ಮೊದಲು ನಿದ್ದೆಯ ಲೆಕ್ಕ

ಶುಕ್ರವಾರ ಸಂಜೆ ಕಚೇರಿ ಮುಗಿಸಿ, ಮನೆಯಲ್ಲಿ ಊಟ ಮಾಡಿ, ರಾತ್ರಿ 10ಕ್ಕೆ ಬೆಂಗಳೂರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬೆಳಗಾವಿ ಸೇರಬಹುದು ಎಂಬ ಲೆಕ್ಕ ಉತ್ತರ ಕರ್ನಾಟಕದಿಂದ ಬಂದು ರಾಜಧಾನಿಯಲ್ಲಿ ನೆಲೆಸಿರುವ ಅನೇಕರಿಗೆ ಬಾಯಿಪಾಠವಾಗಿದೆ. ರಸ್ತೆ ಖಾಲಿ ಇರುತ್ತದೆ, ಬಿಸಿಲಿನ ಕಾಟವಿಲ್ಲ, ರಜೆಯ ಒಂದು ದಿನವೂ ಹಾಳಾಗುವುದಿಲ್ಲ. ಈ ಲೆಕ್ಕಕ್ಕೆ ಸೇರದೆ ಉಳಿಯುವ ಅಂಶವೆಂದರೆ ಸ್ಟೇರಿಂಗ್ ಹಿಡಿದವರು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಾರೆ ಎಂಬುದು. ಬೆಳಿಗ್ಗೆ 6ಕ್ಕೆ ಎದ್ದವರು ನಸುಕಿನ 3 ಗಂಟೆಗೆ ಹಾವೇರಿಯ ಆಸುಪಾಸಿನಲ್ಲಿರುವಾಗ ಅವರು ನಿದ್ದೆಯಿಂದ ಎದ್ದು 21 ಗಂಟೆಗಳಾಗಿರುತ್ತವೆ. ಒಬ್ಬರೇ ಹೊರಟಿದ್ದರೆ ಮಾತನಾಡಿಸುವವರಿಲ್ಲ, ಗಾಡಿ ಬದಲಿಸಿಕೊಳ್ಳುವವರಿಲ್ಲ, ತಲೆ ವಾಲಿದಾಗ ಭುಜ ತಟ್ಟುವವರೂ ಇಲ್ಲ.

ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು ಆಸ್ಟ್ರೇಲಿಯಾದಲ್ಲಿ ಮಾಡಿದ ಪರೀಕ್ಷೆಯೊಂದರ ಫಲಿತಾಂಶವನ್ನು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಾಗಿದ್ದವರ ಕಣ್ಣು ಮತ್ತು ಕೈಗಳ ಹೊಂದಾಣಿಕೆಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿದಿತ್ತು; 24 ಗಂಟೆ ಕಳೆದಾಗ ಅದು ಸುಮಾರು ಶೇ. 0.10ಕ್ಕೆ ಸಮವಾಗಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಬೆಳಿಗ್ಗೆ 6ಕ್ಕೆ ಎದ್ದು ರಾತ್ರಿ 10ಕ್ಕೆ ಹೊರಟವರು ಒಂದು ಹನಿಯನ್ನೂ ಮುಟ್ಟದಿದ್ದರೂ ತುಮಕೂರು ತಲುಪುವ ಹೊತ್ತಿಗೇ ಈ ಮಿತಿಯನ್ನು ಮೀರಿದ ಸ್ಥಿತಿಯಲ್ಲಿರುತ್ತಾರೆ. ಅದನ್ನು ಪತ್ತೆ ಮಾಡಲು ಪೊಲೀಸರ ಬಳಿ ಊದಿಸುವ ಯಂತ್ರವಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಈ ಬರಹದ ಸಲಹೆಗಳಲ್ಲಿ ಹೆಚ್ಚಿನವು ಕಾರಿನ ಬಾಗಿಲು ತೆರೆಯುವ ಮೊದಲೇ ಪಾಲಿಸಬೇಕಾದವು. ರಸ್ತೆಯ ಮೇಲೆ ನಿದ್ದೆಯೊಡನೆ ಹೋರಾಡುವ ಉಪಾಯಗಳು ಕಡಿಮೆ, ಇರುವವೂ ಅರೆಬರೆ.

ಹೊರಡುವ ಹೊತ್ತು

ದೇಹದ ಗಡಿಯಾರವು ದಿನದಲ್ಲಿ ಎರಡು ಸಲ ನಿದ್ದೆಯತ್ತ ವಾಲುತ್ತದೆ: ನಡುರಾತ್ರಿ 2ರಿಂದ ಬೆಳಗಿನ 6ರವರೆಗೆ ಬಲವಾಗಿ, ಮಧ್ಯಾಹ್ನ 2ರಿಂದ 4ರವರೆಗೆ ಸ್ವಲ್ಪ ಹಗುರವಾಗಿ. ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದವರಿಗೂ ಈ ಸೆಳೆತ ತಪ್ಪದು. ಮೊದಲನೆಯ ಅವಧಿಯಲ್ಲಿ ಒಬ್ಬರೇ ಗಾಡಿ ಓಡಿಸಲೇಬಾರದು ಎಂದೂ, ಎರಡನೆಯ ಅವಧಿಯಲ್ಲಿ ಒಂದು ನಿಲುಗಡೆ ಇರಲೇಬೇಕು ಎಂದೂ ನಿಯಮ ಮಾಡಿಕೊಂಡರೆ ಪ್ರಯಾಣದ ಅರ್ಧ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ.

ನಸುಕಿನ 4 ಗಂಟೆಗೆ ಹೊರಟರೆ ನಗರದ ಸಂಚಾರ ದಟ್ಟಣೆ ತಪ್ಪುತ್ತದೆ ಎಂಬುದು ಅನುಭವಿಗಳೂ ಕೊಡುವ ಸಲಹೆ. ಸಲಹೆಯಲ್ಲಿ ತಪ್ಪಿಲ್ಲ, ಆದರೆ ಅದನ್ನು ಪಾಲಿಸುವವರು ಸಾಮಾನ್ಯವಾಗಿ ಬಟ್ಟೆಬರೆ ಜೋಡಿಸಿ, ಗ್ಯಾಸ್ ಆಫ್ ಮಾಡಿದ್ದೇವೆಯೇ ಎಂದು ಎರಡು ಸಲ ನೋಡಿ, ಮಲಗುವಾಗ ರಾತ್ರಿ 12 ಆಗಿರುತ್ತದೆ. ಎಚ್ಚರವಾಗುವ ಅಲಾರಾಂ 3.30ಕ್ಕೆ. ಮೂರೂವರೆ ಗಂಟೆಯ ನಿದ್ದೆಯ ಮೇಲೆ 500 ಕಿ.ಮೀ. ಓಡಿಸುವುದಕ್ಕಿಂತ, ಒಂದಿಷ್ಟು ಟ್ರಾಫಿಕ್ ಸಹಿಸಿಕೊಂಡು 6 ಗಂಟೆಗೆ ಹೊರಡುವುದು ಎಲ್ಲ ರೀತಿಯಿಂದಲೂ ಲೇಸು. ನಸುಕಿನಲ್ಲೇ ಹೊರಡಬೇಕೆಂದಿದ್ದರೆ ಸಾಮಾನು ಕಟ್ಟುವುದು, ಪೆಟ್ರೋಲ್ ಹಾಕಿಸುವುದು, ಟೈರಿನ ಗಾಳಿ ನೋಡಿಸುವುದು, ಫಾಸ್ಟ್ಯಾಗ್‌ಗೆ ಹಣ ತುಂಬುವುದು ಇವೆಲ್ಲವನ್ನೂ ಹಿಂದಿನ ಮಧ್ಯಾಹ್ನವೇ ಮುಗಿಸಿ ರಾತ್ರಿ 9.30ಕ್ಕೆ ದೀಪ ಆರಿಸಬೇಕು. ಒಂದು ವಾರವಿಡೀ ದಿನಕ್ಕೆ ಐದಾರು ಗಂಟೆ ಮಾತ್ರ ಮಲಗಿ ಕೂಡಿಹಾಕಿಕೊಂಡ ನಿದ್ದೆಯ ಸಾಲವು ಒಂದೇ ರಾತ್ರಿಯಲ್ಲಿ ತೀರುವುದಿಲ್ಲವಾದ್ದರಿಂದ, ಹೊರಡುವ ಹಿಂದಿನ ಎರಡು ರಾತ್ರಿಗಳಾದರೂ ಏಳೆಂಟು ಗಂಟೆ ನಿದ್ದೆ ದೊರೆಯುವಂತೆ ನೋಡಿಕೊಳ್ಳಬೇಕು.

ಔಷಧಗಳ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನೆಗಡಿ, ಅಲರ್ಜಿ, ಕೆಮ್ಮಿಗೆ ಕೊಡುವ ಎಷ್ಟೋ ಮಾತ್ರೆ, ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್‌ನಂಥ ಅಂಶಗಳು ಮಂಪರು ತರುತ್ತವೆ. ಸೆಟಿರಿಜಿನ್ ಕೂಡ ಕೆಲವರಿಗೆ ಹಾಗೆಯೇ. ಘಟ್ಟದ ತಿರುವಿನಲ್ಲಿ ವಾಂತಿಯಾಗದಿರಲೆಂದು ನುಂಗುವ ಮಾತ್ರೆಗಳು ಪ್ರಯಾಣಿಕರಿಗೆ ಸರಿ, ಚಾಲಕರಿಗಲ್ಲ. ಜೋರಾಗಿ ಗೊರಕೆ ಹೊಡೆಯುವ, ಎಂಟು ಗಂಟೆ ಮಲಗಿ ಎದ್ದರೂ ಹಗಲೆಲ್ಲ ತೂಕಡಿಸುವ ಅಭ್ಯಾಸವಿದ್ದವರು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಂಡ ಮೇಲೆಯೇ ಇಂಥ ಪ್ರಯಾಣಕ್ಕೆ ಕೈ ಹಾಕಬೇಕು.

ಎಲ್ಲಿ ನಿಲ್ಲಬೇಕು ಎಂಬುದನ್ನು ಮನೆಯಲ್ಲೇ ಬರೆದುಕೊಳ್ಳುವುದು

ಬಾಡಿಗೆ ವಾಹನಗಳ ಚಾಲಕರಿಗಾಗಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿಯೇ ದಿನಕ್ಕೆ 8 ಗಂಟೆಯ ಕೆಲಸ ಮತ್ತು 5 ಗಂಟೆ ಮೀರುವ ಮೊದಲು ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎಂದು ಬರೆಯಲಾಗಿತ್ತು. ಯುರೋಪಿನ ಒಕ್ಕೂಟದಲ್ಲಿ ಲಾರಿ ಚಾಲಕರು ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ನಿಲ್ಲಲೇಬೇಕು. ಸ್ವಂತ ಕಾರಿನವರಿಗೆ ಇಂಥ ಕಟ್ಟಳೆಯಿಲ್ಲ. ದಿನವೂ ಓಡಿಸಿ ಪಳಗಿದವರಿಗೇ ಇಷ್ಟು ಬೇಕೆಂದಾದರೆ, ವರ್ಷಕ್ಕೆ ನಾಲ್ಕು ಸಲ ಹೆದ್ದಾರಿ ಕಾಣುವವರಿಗೆ ಎರಡು ಗಂಟೆಗೊಂದು ನಿಲುಗಡೆ ಹೆಚ್ಚೇನಲ್ಲ.

ಬೆಂಗಳೂರು–ಬೆಳಗಾವಿ ದಾರಿಯನ್ನೇ ತೆಗೆದುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 500 ಕಿ.ಮೀ.; ಬೆಳಿಗ್ಗೆ 6ಕ್ಕೆ ಹೊರಟರೆ 8ರ ಹೊತ್ತಿಗೆ ಶಿರಾದ ಬಳಿ ತಿಂಡಿ, 10.30ರ ಸುಮಾರಿಗೆ ದಾವಣಗೆರೆಯಲ್ಲಿ ಇಳಿದು ಕಾಲಾಡಿಸುವುದು, ಹಾವೇರಿಯ ಹತ್ತಿರ ಇನ್ನೊಂದು ಸಣ್ಣ ನಿಲುಗಡೆ, ಒಂದೂವರೆಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಊಟ. ಉಳಿಯುವುದು ನೂರು ಕಿಲೋಮೀಟರಿಗೂ ಕಡಿಮೆ ದೂರ, ಆದರೆ ಆ ದೂರವು ಸರಿಯಾಗಿ ಮಧ್ಯಾಹ್ನದ ಜೊಂಪಿನ ಹೊತ್ತಿಗೆ, ಊಟದ ಬೆನ್ನಿಗೇ ಬರುತ್ತದೆ. ‘ಇನ್ನೇನು ಊರು ಬಂತು’ ಎಂಬ ಭಾವನೆ ಎಚ್ಚರವನ್ನು ಸಡಿಲಿಸುವುದೂ ಇಲ್ಲಿಯೇ. ಹೀಗಾಗಿ ಈ ದಾರಿಯಲ್ಲಿ ಕಡ್ಡಾಯವಾಗಿ ಮಲಗಬೇಕಾದ ಸ್ಥಳ ಹುಬ್ಬಳ್ಳಿ. ಊಟವಾದ ಮೇಲೆ 20 ನಿಮಿಷ ಕಣ್ಣು ಮುಚ್ಚಿಯೇ ಧಾರವಾಡದ ಕಡೆಗೆ ಹೊರಡಬೇಕು.

ದಾವಣಗೆರೆಯಲ್ಲಿ ನಿಂತು ಬೆಣ್ಣೆ ದೋಸೆ ತಿನ್ನಬೇಡಿ ಎಂದು ಬರೆಯುವಷ್ಟು ಕಟುಕತನ ಈ ಲೇಖಕನಿಗಿಲ್ಲ. ಆದರೆ ಒಂದಕ್ಕೇ ಕೈ ತೊಳೆಯುವುದು ಕ್ಷೇಮ. ಹೊಟ್ಟೆ ಬಿರಿಯುವಂತೆ ಉಂಡು ಸೀಟಿಗೆ ಒರಗಿದರೆ ಏನಾಗುತ್ತದೆಂದು ಮದುವೆ ಊಟ ಮಾಡಿ ಬಂದವರಿಗೆಲ್ಲ ಗೊತ್ತು. ಊಟಕ್ಕೆ ಎರಡು ರೊಟ್ಟಿ, ಪಲ್ಯ, ಮಜ್ಜಿಗೆ ಸಾಕು. ನಡುವೆ ಹಸಿವಾದರೆ ಬಾಳೆಹಣ್ಣು, ಶೇಂಗಾ ಇರಲಿ. ಶೌಚಾಲಯ ಹುಡುಕಬೇಕಾಗುತ್ತದೆಂದು ನೀರು ಕುಡಿಯದಿರುವುದು ತಲೆನೋವಿಗೂ ಆಯಾಸಕ್ಕೂ ದಾರಿ. ನೀರು ಕುಡಿದದ್ದರಿಂದ ಪದೇ ಪದೇ ನಿಲ್ಲಬೇಕಾದರೆ ಅದು ಲಾಭವೇ.

ನೇರ ರಸ್ತೆಯ ಅಪಾಯ

ಹೊಂಡಗಳಿರುವ ರಸ್ತೆಯಲ್ಲಿ ಯಾರೂ ನಿದ್ದೆ ಹೋಗುವುದಿಲ್ಲ. ಶಿರಾಡಿ ಘಟ್ಟದ ತಿರುವುಗಳಲ್ಲಿ ಕೈಕಾಲು, ಕಣ್ಣು ಎಲ್ಲಕ್ಕೂ ಕೆಲಸವಿರುತ್ತದೆ. ಮಂಪರು ಕವಿಯುವುದು ಶಿರಾದಿಂದ ಹಿರಿಯೂರು, ಚಿತ್ರದುರ್ಗದವರೆಗಿನ ಅಥವಾ ಹೊಸಪೇಟೆಯಿಂದ ವಿಜಯಪುರದ ಕಡೆಗಿನ ಬಯಲಿನಲ್ಲಿ, ಒಂದೇ ವೇಗ, ಒಂದೇ ಸದ್ದು, ಕಣ್ಣೆದುರು ಓಡಿಬರುವ ಒಂದೇ ಬಿಳಿ ಗೆರೆ ಇರುವಾಗ. ಮುಂಬೈ–ನಾಗಪುರ ನಡುವಿನ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗದ ಮೊದಲ ಹಂತವು 2022ರ ಡಿಸೆಂಬರಿನಲ್ಲಿ ತೆರೆದ ಮೇಲೆ, ಅಲ್ಲಿನ ಅಪಘಾತಗಳ ಚರ್ಚೆಯಲ್ಲಿ ‘ಹೈವೇ ಹಿಪ್ನಾಸಿಸ್’ ಎಂಬ ಮಾತು ಮತ್ತೆ ಮತ್ತೆ ಕೇಳಿಬಂದದ್ದು ಇದೇ ಕಾರಣಕ್ಕೆ. ಇಂಥ ಕಡೆ ಕ್ರೂಸ್ ಕಂಟ್ರೋಲ್ ಹಾಕಿದರೆ ಕಾಲಿಗೂ ಕೆಲಸವಿಲ್ಲದಂತಾಗುತ್ತದೆ; ಒಬ್ಬರೇ ಇರುವಾಗ ಅದನ್ನು ಬಿಡುವುದು ಒಳ್ಳೆಯದು. ಎ.ಸಿ.ಯನ್ನು ಗಂಟೆಗಟ್ಟಲೆ ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಜಡತ್ವ ಬರುತ್ತದೆ, ಆದ್ದರಿಂದ ಆಗಾಗ ಹೊರಗಾಳಿಯ ಗುಂಡಿಗೆ ಬದಲಾಯಿಸಬೇಕು. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿಕೊಳ್ಳಬೇಕು, ಏಕೆಂದರೆ ಮಸುಕು ಗಾಜಿನ ಮೇಲೆ ಎದುರಿನ ವಾಹನದ ಹೈಬೀಮ್ ಚೆಲ್ಲಿಕೊಂಡಾಗ ಕಣ್ಣು ಬಹಳ ಬೇಗ ದಣಿಯುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವವರಿಗೆ ಸಂಜೆಯ ಬಿಸಿಲು, ಅಲ್ಲಿಂದ ಬರುವವರಿಗೆ ಬೆಳಗಿನ ಬಿಸಿಲು ಕಣ್ಣಿಗೇ ಹೊಡೆಯುವುದರಿಂದ ತಂಪು ಕನ್ನಡಕ ಕೈಗೆಟಕುವಂತಿರಲಿ.

ಗುರುತುಗಳು

ಆಕಳಿಕೆ ಎಲ್ಲರಿಗೂ ತಿಳಿದ ಗುರುತು. ಅದಕ್ಕಿಂತ ಗಂಭೀರವಾದವು ಬೇರೆ ಇವೆ: ಹಿಂದಿನ ಐದು ಕಿಲೋಮೀಟರಿನಲ್ಲಿ ಏನು ದಾಟಿದೆವೆಂದು ನೆನಪಾಗದಿರುವುದು, ತಿರುಗಬೇಕಿದ್ದ ಮೇಲ್ಸೇತುವೆಯ ಪಕ್ಕದ ಸರ್ವಿಸ್ ರಸ್ತೆಯನ್ನು ಬಿಟ್ಟು ಮುಂದೆ ಹೋಗುವುದು, ಕಾರಣವಿಲ್ಲದೆ ವೇಗ ಏರಿಳಿಯುವುದು, ರೆಪ್ಪೆ ಮುಚ್ಚಿ ತೆರೆಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಚಕ್ರ ಅಂಚಿನ ಗೆರೆಯನ್ನು ಸವರಿದ ಸದ್ದಿಗೆ ಬೆಚ್ಚುವುದು. ಕೊನೆಯದು ಸಂಭವಿಸಿದೆ ಎಂದರೆ ನಿದ್ದೆ ಬರುತ್ತಿದೆ ಎಂದಲ್ಲ, ಆಗಲೇ ಬಂದುಹೋಗಿದೆ ಎಂದರ್ಥ. ಕಣ್ಣು ತೆರೆದಿದ್ದರೂ ಮಿದುಳು ಕೆಲವು ಸೆಕೆಂಡು ಮಲಗಿಬಿಡುವ ಈ ಕ್ಷಣನಿದ್ದೆಯು ಅದನ್ನು ಅನುಭವಿಸಿದವರ ಗಮನಕ್ಕೇ ಬಾರದಿರಬಹುದು. ಗಂಟೆಗೆ 90 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿನ ಜೊಂಪಿಗೆ ನೂರು ಮೀಟರ್ ರಸ್ತೆ ಯಾರ ಹಿಡಿತದಲ್ಲೂ ಇಲ್ಲದೆ ಕಳೆದಿರುತ್ತದೆ. ಕೆಲವು ಹೊಸ ಕಾರುಗಳು ಸ್ಟೇರಿಂಗಿನ ಚಲನೆಯನ್ನೋ ಮುಖವನ್ನೋ ಗಮನಿಸಿ ಎಚ್ಚರಿಕೆಯ ಸದ್ದು ಮಾಡುತ್ತವೆ. ಆ ಸದ್ದನ್ನು ಆರಿಸಿ ಮುಂದುವರಿಯುವುದಾದರೆ ಆ ಸೌಲಭ್ಯಕ್ಕೆ ಹಣ ಕೊಟ್ಟು ಪ್ರಯೋಜನವಿಲ್ಲ.

ಮೊದಲು ಕಾಫಿ, ಆಮೇಲೆ ನಿದ್ದೆ

ಗಾಜು ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು, ಅಡಿಕೆ ಅಗಿಯುವುದು ಎಲ್ಲರೂ ಮಾಡುವ ಉಪಾಯಗಳು. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ 1990ರ ದಶಕದಲ್ಲಿ ನಿದ್ದೆಗೆಟ್ಟವರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ ಪರೀಕ್ಷಿಸಿದಾಗ, ತಣ್ಣನೆಯ ಗಾಳಿ ಮತ್ತು ರೇಡಿಯೋದಿಂದ ಸಿಕ್ಕಿದ್ದು ಅಲ್ಪಕಾಲದ ಅಲ್ಪ ಉಪಶಮನ ಮಾತ್ರ. ಅವರ ಪರೀಕ್ಷೆಗಳಲ್ಲಿ ನಿಜವಾಗಿ ಫಲ ಕೊಟ್ಟದ್ದು ಕಾಫಿ ಕುಡಿದು ಒಡನೆಯೇ ಚಿಕ್ಕ ನಿದ್ದೆ ಮಾಡುವುದು. ಕಾಫಿ ಕುಡಿದರೆ ನಿದ್ದೆ ಬಾರದೆಂದು ನಂಬಿದವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಕೆಫೀನ್ ಪ್ರಭಾವ ತೋರಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ ಅಷ್ಟರೊಳಗೆ ನಿದ್ದೆಯೂ ಮುಗಿದಿರುತ್ತದೆ.

ಮಾಡುವ ಕ್ರಮ ಹೀಗೆ. ದೀಪವಿರುವ ಪೆಟ್ರೋಲ್ ಬಂಕಿನ ಅಥವಾ ಜನ ಓಡಾಡುವ ಹೋಟೆಲಿನ ಅಂಗಳಕ್ಕೆ ಗಾಡಿ ಸೇರಿಸಿ, ಅಲ್ಲಿಯವರಿಗೆ ಅರ್ಧ ಗಂಟೆ ಮಲಗುತ್ತೇನೆಂದು ಒಂದು ಮಾತು ಹೇಳಿ. ಹೆದ್ದಾರಿಯ ಅಂಚಿನಲ್ಲಿ, ಸಾಲುಗಟ್ಟಿ ನಿಂತ ಲಾರಿಗಳ ಹಿಂದೆ ನಿಲ್ಲಿಸಬಾರದು. ತೂಕಡಿಸುವ ಇನ್ನೊಬ್ಬ ಚಾಲಕರು ನಿಂತ ಗಾಡಿಗೆ ಬಂದು ಗುದ್ದುವ ಜಾಗ ಅದು. ಒಂದು ಗಟ್ಟಿ ಕಾಫಿಯನ್ನು ನಿಧಾನವಾಗಿ ಹೀರದೆ ಬೇಗ ಮುಗಿಸಬೇಕು. ನಮ್ಮ ಫಿಲ್ಟರ್ ಕಾಫಿಯಲ್ಲಿ ಚಿಕೋರಿಯ ಪ್ರಮಾಣಕ್ಕೆ ತಕ್ಕಂತೆ ಕೆಫೀನ್ ಕಡಿಮೆಯಾಗುವುದರಿಂದ ಡಿಕಾಕ್ಷನ್ ಹೆಚ್ಚು ಹಾಕಲು ಹೇಳುವುದು ಉಚಿತ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಜುಗಳನ್ನು ಒಂದು ಬೆರಳಿನಷ್ಟು ಇಳಿಸಿ, ಬಾಗಿಲು ಲಾಕ್ ಮಾಡಿ, ಸೀಟನ್ನು ಹಿಂದಕ್ಕೆ ವಾಲಿಸಿ, ಫೋನಿನಲ್ಲಿ 20 ನಿಮಿಷಕ್ಕೆ ಅಲಾರಾಂ ಇಡಬೇಕು. ಗಾಜು ಮುಚ್ಚಿ ಎ.ಸಿ. ಚಾಲೂ ಇಟ್ಟು ಮಲಗಿದರೆ, ಅದರಲ್ಲೂ ಶೆಡ್ಡಿನಂಥ ಮುಚ್ಚಿದ ಜಾಗದಲ್ಲಿ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಸೇರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಗಾಢ ನಿದ್ದೆ ಹತ್ತದಿದ್ದರೂ ಚಿಂತೆಯಿಲ್ಲ, ಕಣ್ಣು ಮುಚ್ಚಿ ಜೊಂಪಿನಲ್ಲಿದ್ದರೂ ಉಪಯೋಗವಿದೆ. 20 ನಿಮಿಷ ದಾಟಿ ಮುಂದುವರಿದರೆ ಗಾಢ ನಿದ್ದೆಯಿಂದ ಏಳಬೇಕಾಗಿ ತಲೆ ಭಾರವಾಗುತ್ತದೆ. ಎದ್ದ ಕೂಡಲೇ ಕೀಲಿ ತಿರುಗಿಸದೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಡೆದಾಡಿ ಹೊರಡಬೇಕು.

ಇದರಿಂದ ಸಿಗುವುದು ಒಂದೆರಡು ಗಂಟೆಯ ಎಚ್ಚರ. ಮತ್ತೆ ಕಣ್ಣು ಎಳೆಯತೊಡಗಿದರೆ ಇನ್ನೊಂದು ಕಾಫಿ ಪರಿಹಾರವಲ್ಲ, ಕೊಠಡಿ ಹಿಡಿದು ಮಲಗುವುದೇ ಪರಿಹಾರ. ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿಯುವುದರಿಂದ, ಸಂಜೆ ಮೇಲಿಂದ ಮೇಲೆ ಕುಡಿದ ಕಾಫಿ ಆ ರಾತ್ರಿಯ ನಿದ್ದೆಯನ್ನೂ ಕೆಡಿಸಿ ಮರುದಿನದ ಪ್ರಯಾಣಕ್ಕೆ ತೊಡಕಾಗುತ್ತದೆ. ನಿಲ್ಲಲು ತಕ್ಕ ಜಾಗವೇ ಸಿಗದ ಕಡೆ ಹಜಾರ್ಡ್ ದೀಪ ಹಾಕಿ ನಿಧಾನವಾಗಿ ಮುಂದಿನ ಸರ್ವಿಸ್ ರಸ್ತೆಗೆ ಇಳಿಯಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಸಂಖ್ಯೆ 112.

ಮನೆಯವರು ಮತ್ತು ಮರಳುವ ದಾರಿ

‘ಎಲ್ಲಿದ್ದೀ? ಎಷ್ಟು ಹೊತ್ತಾಗುತ್ತೆ? ಊಟಕ್ಕೆ ಕಾಯ್ತಿದ್ದೀವಿ’ ಎಂಬ ಫೋನ್ ಕರೆಗಳು ಅಕ್ಕರೆಯಿಂದಲೇ ಬರುತ್ತವೆ, ಆದರೆ ಕಾಲು ಎಕ್ಸಲರೇಟರಿನ ಮೇಲೆ ಭಾರವಾಗುವುದು ಅವುಗಳಿಂದಲೇ. ಹೊರಡುವಾಗಲೇ ‘ಸಂಜೆಯೊಳಗೆ ಬರುತ್ತೇನೆ, ನಿಂತ ಕಡೆಯಿಂದ ನಾನೇ ಫೋನ್ ಮಾಡುತ್ತೇನೆ, ಊಟಕ್ಕೆ ಕಾಯಬೇಡಿ’ ಎಂದು ಹೇಳಿಬಿಡುವುದು ಉತ್ತಮ. ಓಡಿಸುತ್ತಾ ಹರಟೆ ಹೊಡೆದರೆ ನಿದ್ದೆ ಬರುವುದಿಲ್ಲವೆಂದು ಬ್ಲೂಟೂತಿನಲ್ಲಿ ಗೆಳೆಯರನ್ನು ಹಿಡಿದುಕೊಳ್ಳುವವರಿದ್ದಾರೆ. ಗಮನ ಮಾತಿಗೆ ಹೋಗುತ್ತದೆಯೇ ಹೊರತು ರಸ್ತೆಗೆ ಬರುವುದಿಲ್ಲ.

ಊರಿಗೆ ಹೋಗುವಾಗ ಇಷ್ಟೆಲ್ಲ ಎಚ್ಚರ ವಹಿಸಿದವರೂ ಭಾನುವಾರ ರಾತ್ರಿ ಊಟ ಮುಗಿಸಿ ಹೊರಟು ಸೋಮವಾರ ಬೆಳಿಗ್ಗೆ ಕಚೇರಿ ಸೇರುವ ಯೋಜನೆ ಹಾಕುತ್ತಾರೆ. ಹಬ್ಬದ ಮನೆಯಲ್ಲಿ ಎರಡು ರಾತ್ರಿ ತಡವಾಗಿ ಮಲಗಿದ ಮೇಲೆ ಮಾಡುವ ಈ ಮರುಪ್ರಯಾಣವು ಹೋಗುವಾಗಿನದಕ್ಕಿಂತ ಅಪಾಯದ್ದು. ಭಾನುವಾರ ಬೆಳಿಗ್ಗೆ 9ರೊಳಗೆ ಬೆಳಗಾವಿ ಬಿಟ್ಟು, ಸಂಜೆ ತುಮಕೂರಿನಿಂದ ನೆಲಮಂಗಲದವರೆಗಿನ ದಟ್ಟಣೆಗೆ ಒಂದು ಗಂಟೆ ಹೆಚ್ಚುವರಿ ಇಟ್ಟುಕೊಂಡರೆ ರಾತ್ರಿ 8ಕ್ಕೆ ಮನೆ ಸೇರಬಹುದು. ಅದಕ್ಕೆ ಬಿಡುವಿಲ್ಲವೆಂದು ಮೊದಲೇ ಗೊತ್ತಿದ್ದರೆ ಶುಕ್ರವಾರ ಕಾರನ್ನು ಮನೆಯಲ್ಲೇ ಬಿಟ್ಟು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸುವುದೇ ಸರಿ. ಹಬ್ಬದ ವಾರಗಳಲ್ಲಿ ಅದು ಬೇಗ ಭರ್ತಿಯಾಗುವುದರಿಂದ ಮುಂಗಡ ಬುಕಿಂಗ್ ತೆರೆದ ದಿನವೇ ನೋಡಬೇಕು.