ವರ್ಜೀನಿಯಾದಿಂದ ಮಿಡ್‌ಟರ್ಮ್ ಲೆಕ್ಕ: ಗೆದ್ದವರು ಯಾರಾದರೂ ಇರಲಿ, ಅಂತರ ಹಿಡಿಯಿರಿ

ವರ್ಜೀನಿಯಾ ಗವರ್ನರ್ ಚುನಾವಣೆ ನೋಡಿ ಮುಂದಿನ ವರ್ಷದ ಮಿಡ್‌ಟರ್ಮ್, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಅಮೆರಿಕನ್ ಕಾಂಗ್ರೆಸ್ (ಸಂಸತ್ತು) ಚುನಾವಣೆಯ ಫಲಿತಾಂಶ ಹೇಳುತ್ತೇನೆ ಅಂದರೆ ಮಾಡೆಲ್ ಕಟ್ಟುವವರು ನಗುತ್ತಾರೆ. ನಗುವುದಕ್ಕೆ ಆಧಾರವೂ ಇದೆ. 1993ರಿಂದ 2021ರವರೆಗಿನ ಎಂಟು ಸುತ್ತುಗಳಲ್ಲಿ ವರ್ಜೀನಿಯಾ ಗೆದ್ದ ಪಕ್ಷ ಮರುವರ್ಷ ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್‌ನಲ್ಲಿ ಸೀಟು ಹೆಚ್ಚಿಸಿಕೊಂಡಿದ್ದು ಐದೇ ಸಲ. ಅದೇ ವರ್ಷಗಳಲ್ಲಿ ಗವರ್ನರ್ ಆರಿಸುವ ನ್ಯೂಜೆರ್ಸಿಯದ್ದೂ ಐದೇ. ಏನನ್ನೂ ನೋಡದೆ, ಅಧ್ಯಕ್ಷರ ಪಕ್ಷ ಸೀಟು ಕಳೆದುಕೊಳ್ಳುತ್ತದೆ ಎಂದು ಕಣ್ಣುಮುಚ್ಚಿ ಹೇಳಿದರೂ ಆರು ಸಲ ಸರಿಯಾಗುತ್ತದೆ. ಕೈಕೊಡುವುದು 1998 ಮತ್ತು 2002 ಮಾತ್ರ. ಹಾಗಾಗಿ ಯಾರು ಗೆದ್ದರು ಎಂಬ ಕಾಲಂ ಅನ್ನೇ ಶೀಟಿನಿಂದ ಅಳಿಸಿಬಿಟ್ಟೆ.

ಉಳಿಸಿಕೊಂಡಿದ್ದು ಸ್ವಿಂಗ್. ಗವರ್ನರ್ ಚುನಾವಣೆಯ ಅಂತರದಿಂದ ಹಿಂದಿನ ವರ್ಷದ ಅಧ್ಯಕ್ಷೀಯ ಅಂತರ ಕಳೆಯಿರಿ; ಎರಡು ಸಲ ಗೆದ್ದದ್ದು ಬೇರೆ ಬೇರೆ ಪಕ್ಷವಾದರೆ ಕೂಡಿಸಿ. 2009ರಲ್ಲಿ ರಿಪಬ್ಲಿಕನ್ ಮೆಕ್‌ಡಾನೆಲ್ ಗೆಲುವು 17 ಪಾಯಿಂಟ್ ಚಿಲ್ಲರೆ. 2008ರಲ್ಲಿ ಅಲ್ಲಿ ಡೆಮಾಕ್ರಟ್ ಒಬಾಮಾ ಮುಂದಿದ್ದದ್ದು 6 ಚಿಲ್ಲರೆ. ಸ್ವಿಂಗ್ ಹೆಚ್ಚುಕಡಿಮೆ 24. ದೇಶದ ಮಟ್ಟದಲ್ಲಿ ಒಬಾಮಾರ 7ರಿಂದ 2010ರ ಹೌಸ್ ಮತಗಳಲ್ಲಿ ರಿಪಬ್ಲಿಕನ್ನರ 7ಕ್ಕೆ ಜಾರಿದ್ದು 14. ಅನುಪಾತ 0.6. ಇದೇ ಲೆಕ್ಕ 2005-06ಕ್ಕೆ 0.75, 1993-94ಕ್ಕೆ 1ರ ಹತ್ತಿರ. ನಾನು ಕೆಳಗಿನ ತುದಿಗೆ, 0.65ಕ್ಕೆ, ನಿಲ್ಲಿಸಿದೆ. ಬೆಸ ವರ್ಷದಲ್ಲಿ ಬೂತಿಗೆ ಬರುವವರು ಕಡಿಮೆ, ಸಿಟ್ಟಿನಲ್ಲಿ ಬರುವವರ ಪಾಲು ಹೆಚ್ಚು. ಮಿಡ್‌ಟರ್ಮ್‌ಗೆ ಜನ ಜಾಸ್ತಿಯಾದಂತೆ ಆ ಸಿಟ್ಟು ತೆಳುವಾಗುತ್ತದೆ.

ನ್ಯೂಜೆರ್ಸಿ ಬಿಟ್ಟು ವರ್ಜೀನಿಯಾವೇ ಏಕೆ? ವರ್ಜೀನಿಯಾದಲ್ಲಿ ಗವರ್ನರ್ ಸತತ ಎರಡನೇ ಅವಧಿಗೆ ನಿಲ್ಲುವಂತಿಲ್ಲ; ಕುರ್ಚಿಯಲ್ಲಿರುವವರ ಮುಖಬೆಲೆ ಲೆಕ್ಕಕ್ಕೇ ಬರುವುದಿಲ್ಲ. ನ್ಯೂಜೆರ್ಸಿಯಲ್ಲಿ 2013ರಲ್ಲಿ ಸ್ಯಾಂಡಿ ಚಂಡಮಾರುತದ ನಂತರದ ಜನಪ್ರಿಯತೆಯಲ್ಲಿ ಹಾಲಿ ಗವರ್ನರ್, ರಿಪಬ್ಲಿಕನ್ ಕ್ರಿಸ್ಟಿ 22 ಪಾಯಿಂಟ್‌ನಿಂದ ಗೆದ್ದರು, ಸ್ವಿಂಗ್ 40. ಅದನ್ನು ಮಾಡೆಲ್‌ಗೆ ಹಾಕಿದರೆ ದೇಶವೇ ಮುಳುಗಿದಂತೆ ಕಾಣುತ್ತದೆ. ಹಾಲಿ ಗವರ್ನರ್ ಕಣದಲ್ಲಿಲ್ಲದ ವರ್ಷಗಳಲ್ಲಿ ಮಾತ್ರ ನ್ಯೂಜೆರ್ಸಿ ಸೇರಿಸುತ್ತೇನೆ. ಎಷ್ಟು ತೂಕ ಕೊಡುತ್ತೇನೆ ಎಂಬುದನ್ನು ಮಾತ್ರ ಬಿಟ್ಟುಕೊಡಲಾರೆ.

ಕೌಂಟಿವಾರು ಜೋಡಿಸುವಾಗ ಒಂದು ಗುಂಡಿ ಇದೆ. ವರ್ಜೀನಿಯಾದಲ್ಲಿ 95 ಕೌಂಟಿ (ನಮ್ಮ ಜಿಲ್ಲೆಯಂಥವು), ಯಾವ ಕೌಂಟಿಗೂ ಸೇರದ 38 ಸ್ವತಂತ್ರ ನಗರ, ಒಟ್ಟು 133 ಸಾಲು. ಆದರೆ 2012ರ ಕಡತದಲ್ಲಿ 134 ಬರುತ್ತದೆ. ಬೆಡ್‌ಫೋರ್ಡ್ ನಗರ 2013ರ ಜುಲೈನಲ್ಲಿ ಸ್ವತಂತ್ರ ಸ್ಥಾನ ಬಿಟ್ಟು ಬೆಡ್‌ಫೋರ್ಡ್ ಕೌಂಟಿಯೊಳಗೆ ಸೇರಿಕೊಂಡಿತು. ಜೋಡಿಸುವ ಮೊದಲು ನಗರದ ಸಂಕೇತಸಂಖ್ಯೆ 51515ರ ಸಾಲಿನ ಮತಗಳನ್ನು ಕೌಂಟಿಯ 51019ಕ್ಕೆ ಕೂಡಿಸಿ. ಇಲ್ಲದಿದ್ದರೆ ಯಾವ ದೋಷಸಂದೇಶವೂ ಇಲ್ಲದೆ ಅಷ್ಟು ಮತ ಮಾಯ. ಪ್ರಿಸಿಂಕ್ಟ್ (ಬೂತ್) ಮಟ್ಟಕ್ಕೆ ಇಳಿಯುವ ಆಸೆ ಬೇಡ: 2020ರ ಅಂಚೆ ಮತ್ತು ಮುಂಗಡ ಮತಗಳೆಲ್ಲ ಆಯಾ ಕೌಂಟಿಯ ಕೇಂದ್ರ ಪ್ರಿಸಿಂಕ್ಟಿನ ಹೆಸರಿನಲ್ಲಿ ಬಿದ್ದಿವೆ, ಉಳಿದ ಬೂತುಗಳು ಸುಳ್ಳೇ ಕೆಂಪಾಗಿ, ಅಂದರೆ ರಿಪಬ್ಲಿಕನ್ ಆಗಿ ಕಾಣುತ್ತವೆ. ಎಣಿಕೆಯ ರಾತ್ರಿಯೇ ಲೆಕ್ಕ ಹಾಕಲೂಬೇಡಿ. 2021ರಲ್ಲಿ ಆ ರಾತ್ರಿ ನ್ಯೂಜೆರ್ಸಿಯಲ್ಲಿ ಚಟರೆಲ್ಲಿ ಮುಂದಿದ್ದರು, ಕೊನೆಗೆ ಮರ್ಫಿ 3 ಪಾಯಿಂಟ್‌ನಿಂದ ಗೆದ್ದರು.

ಖರ್ಚಿನ ಮಾತು: ಕೌಂಟಿವಾರು ಫಲಿತಾಂಶ ರಾಜ್ಯಗಳ ಸೈಟಿನಲ್ಲಿ ಪುಕ್ಕಟೆ. ಸಮೀಕ್ಷೆಗಳ ಚಂದಾ, ಜನಗಣತಿ ಬೆರೆಸಿದ ಸಿದ್ಧ ಕಡತ, ಬಾಡಿಗೆ ಸರ್ವರ್ ಎಲ್ಲ ಸೇರಿ 400 ಡಾಲರ್ ಆಸುಪಾಸು ಕೈಬಿಟ್ಟಿತು; ದೋಷ ಅರ್ಧ ಪಾಯಿಂಟ್ ಕೂಡ ಇಳಿಯಲಿಲ್ಲ. ಈಗ ಬರೀ ಸ್ಪ್ರೆಡ್‌ಶೀಟ್.

ವಿಧಾನ ಮಕಾಡೆ ಮಲಗಿದ ವರ್ಷಗಳೂ ಇವೆ. 2001ರಲ್ಲಿ ಡೆಮಾಕ್ರಟ್ ವಾರ್ನರ್ 5 ಪಾಯಿಂಟ್‌ನಿಂದ ಗೆದ್ದರು, ಸ್ವಿಂಗ್ ಡೆಮಾಕ್ರಟರ ಕಡೆಗೆ 13. ಸೂತ್ರ ಹೇಳಿದ್ದು ಡೆಮಾಕ್ರಟರಿಗೆ 9ರ ಮುನ್ನಡೆ, 2002ರಲ್ಲಿ ಬಂದದ್ದು ರಿಪಬ್ಲಿಕನ್ನರಿಗೆ 5. ಸೆಪ್ಟೆಂಬರ್ 11ರ ನಂತರ ಬುಷ್‌ಗೆ ಎದ್ದ ಅಲೆ ರಾಜ್ಯದ ರಸ್ತೆ, ತೆರಿಗೆಯ ಚುನಾವಣೆಗೆ ತಟ್ಟಲೇ ಇಲ್ಲ. 2013 ಇನ್ನೊಂದು: ಸೋತ ರಿಪಬ್ಲಿಕನ್ ಕುಚಿನೆಲ್ಲಿ ಸ್ವಂತ ಪಕ್ಷದವರಿಗೇ ಅತಿಯೆನಿಸಿದ ಅಭ್ಯರ್ಥಿ, ಲಿಬರ್ಟೇರಿಯನ್ ಸಾರ್ವಿಸ್‌ಗೆ ಶೇ. 6.5 ಹೋಯಿತು, ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿಗೆ ಬೀಗ. ಮೂರನೆಯವರು ಶೇ. 5 ದಾಟಿದ ವರ್ಷವನ್ನು ಈಗ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗವರ್ನರ್ ಬದಲು ವರ್ಜೀನಿಯಾ ಶಾಸನಸಭೆಯ ಕೆಳಮನೆ ಹೌಸ್ ಆಫ್ ಡೆಲಿಗೇಟ್ಸ್ ಸೀಟುಗಳನ್ನು ಹಿಡಿದೂ ನೋಡಿದೆ. 2017ರಲ್ಲಿ ಡೆಮಾಕ್ರಟರು ಅಲ್ಲಿ 15 ಸೀಟು ಕಿತ್ತುಕೊಂಡರು. ಗವರ್ನರ್ ಸ್ವಿಂಗ್ ಬರೀ 4 ಹೇಳಿದ ಆ ವರ್ಷ ಸೀಟುಗಳೇ 2018ರ ಅಲೆಯನ್ನು ಚೆನ್ನಾಗಿ ತೋರಿಸಿದ್ದವು. ಆದರೆ 94ನೇ ಕ್ಷೇತ್ರದಲ್ಲಿ ಇಬ್ಬರಿಗೂ ತಲಾ 11,608 ಮತ. ಹೆಸರುಗಳನ್ನು ಫಿಲ್ಮ್ ಡಬ್ಬಿಗಳಲ್ಲಿ ಹಾಕಿ ಬೋಗುಣಿಯಿಂದ ಚೀಟಿ ಎತ್ತಿ ತೀರ್ಮಾನಿಸಿದರು. ಸದನದ ಬಹುಮತ ನಿಂತದ್ದು ಆ ಡಬ್ಬಿಯ ಮೇಲೆ. ಅಂಥ ಅಂಕಿಯನ್ನು ಸೂತ್ರಕ್ಕೆ ಹಾಕಲು ನನಗೆ ಧೈರ್ಯವಿಲ್ಲ. ಚಪಲಕ್ಕೆ ಕರ್ನಾಟಕದ ಮೇಲೂ ಹಾಕಿದೆ, ನೆಲಕಚ್ಚಿತು: 2013ರಲ್ಲಿ ಕಾಂಗ್ರೆಸ್‌ಗೆ 122, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17; 2023ರಲ್ಲಿ ಕಾಂಗ್ರೆಸ್‌ಗೆ 135, ಮರುವರ್ಷ ಬರೀ 9. ನಮ್ಮ ಮತದಾರ ವಿಧಾನಸಭೆಗೊಂದು, ದಿಲ್ಲಿಗೊಂದು ಲೆಕ್ಕ ಇಟ್ಟುಕೊಂಡಿದ್ದಾನೆ. ಅಮೆರಿಕದಲ್ಲಿ ಪಕ್ಷನಿಷ್ಠೆ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ.

2021ರಲ್ಲಿ ವರ್ಜೀನಿಯಾದಲ್ಲಿ ರಿಪಬ್ಲಿಕನ್ ಯಂಗ್‌ಕಿನ್ ಗೆಲುವು 2 ಪಾಯಿಂಟ್, ಹಿಂದಿನ ವರ್ಷ ಅಲ್ಲಿ ಡೆಮಾಕ್ರಟ್ ಬೈಡನ್ ಅಂತರ 10, ಸ್ವಿಂಗ್ 12. 0.65ರಿಂದ ಗುಣಿಸಿದರೆ 8ರ ಹತ್ತಿರ. ದೇಶದಲ್ಲಿ ಬೈಡನ್‌ಗಿದ್ದ 4.5ರಿಂದ ಕಳೆದರೆ ರಿಪಬ್ಲಿಕನ್ನರಿಗೆ ಮೂರು, ಮೂರೂವರೆ. ಕೆಂಪು ಅಲೆ ಎಂದು ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದಾಗ ಈ ಅಂಕಿ ಯಾರಿಗೂ ರುಚಿಸಲಿಲ್ಲ. ಬಂದದ್ದು 2.8. ಅದರಲ್ಲೂ ಡೆಮಾಕ್ರಟಿಕ್ ಅಭ್ಯರ್ಥಿಯೇ ಇಲ್ಲದ ಕ್ಷೇತ್ರಗಳು ಆ ವರ್ಷ ಹೆಚ್ಚಿದ್ದವು, ನಿಜವಾದ ಅಂತರ ಇನ್ನೂ ಕಡಿಮೆ.

2025ರಲ್ಲಿ ಡೆಮಾಕ್ರಟ್ ಸ್ಪ್ಯಾನ್‌ಬರ್ಗರ್ ಅಂತರ 15 ಚಿಲ್ಲರೆ, ಹ್ಯಾರಿಸ್ ಅಂತರ 6ರ ಹತ್ತಿರ. 0.65ರಿಂದ ಗುಣಿಸಿ, ದೇಶದಲ್ಲಿ ಟ್ರಂಪ್‌ಗಿದ್ದ ಅಂತರ ಕಳೆದರೆ 2026ಕ್ಕೆ ಡೆಮಾಕ್ರಟರಿಗೆ ನಾಲ್ಕೂವರೆಯಿಂದ ಐದು. ಕೇಂದ್ರ ಸರ್ಕಾರಿ ನೌಕರರ ವಜಾ, ಕಚೇರಿ ಬಂದ್ ಎರಡೂ ಉತ್ತರ ವರ್ಜೀನಿಯಾಗೇ ಹೆಚ್ಚು ತಟ್ಟಿದ್ದರಿಂದ ಆ ಕೌಂಟಿಗಳನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ. ಸೀಟಿಗೆ ಮಾತ್ರ ಪರಿವರ್ತಿಸಬೇಡಿ: ಟೆಕ್ಸಸ್, ಕ್ಯಾಲಿಫೋರ್ನಿಯಾ ಎರಡೂ 2025ರಲ್ಲಿ ಕ್ಷೇತ್ರಗಳ ಗಡಿಯನ್ನೇ ಬದಲಿಸಿವೆ, ಹಳೆಯ ನಕ್ಷೆಯ ಅನುಪಾತ ಅಲ್ಲಿ ನಡೆಯುವುದಿಲ್ಲ.