ಮಟ್ಟದ ಪೈಪು ಹಿಡಿದು ಚರ್ಚೆಗೆ ನಿಂತ ದಿನ

ಹದಿನಾಲ್ಕು ವರ್ಷ ನಾನು ಕಡಲ ಮೇಲೆ ತೈಲಬಾವಿ ಕೊರೆಯುವ ರಿಗ್‌ಗಳಲ್ಲಿ ಮಡ್ ಇಂಜಿನಿಯರ್ ಆಗಿದ್ದೆ; ಮೊದಲು ಮುಂಬೈ ಆಚೆಯ ಬಾಂಬೆ ಹೈ ತೈಲಕ್ಷೇತ್ರದಲ್ಲಿ, ಆಮೇಲೆ ಕೊಲ್ಲಿ ದೇಶಗಳ ಕಡಲಿನಲ್ಲಿ. ಬಾವಿ ಕೊರೆಯುವಾಗ ಪೈಪಿನೊಳಗೆ ಇಳಿದು, ಕಲ್ಲಿನ ಚೂರುಗಳನ್ನು ಹೊತ್ತು ಮೇಲೆ ಬರುವ ಕೆಸರಿನ ತೂಕ, ಮಂದ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೆಸರಿನ ಭಾರವೇ ನೆಲದಡಿಯ ಎಣ್ಣೆ, ಅನಿಲಗಳನ್ನು ಇದ್ದಲ್ಲೇ ಅದುಮಿ ಹಿಡಿಯುವುದು. ಭಾರ ಸಾಲದೆ ಹೋದರೆ ಅನಿಲ ಬಾವಿಯೊಳಗೆ ನುಗ್ಗುತ್ತದೆ. ರಿಗ್ಗಿನವರು ಅದಕ್ಕೆ ಕಿಕ್ ಅನ್ನುತ್ತಾರೆ. ಕಿಕ್ ಕೈಮೀರಿ ಬಾವಿ ಉಕ್ಕಿ ಚಿಮ್ಮಿತೋ, ಬ್ಲೋಔಟ್.

ಕೆಲಸ ಬಿಟ್ಟು ಅಂಕೋಲೆಗೆ ಮರಳಿದ ಮೇಲೆ ನಮ್ಮ ಕಡೆಯ ಕಾಲೇಜೊಂದರಿಂದ ಕರೆ ಬಂತು. ಸಾರ್ವಜನಿಕ ಚರ್ಚೆ, ಊರವರೂ ಬರುತ್ತಾರೆ. ವಿಷಯ: ‘ಕಡಲ ತೈಲಬಾವಿಯ ಅನಾಹುತಕ್ಕೆ ಕಂಪನಿಯೇ ಪೂರ್ತಿ ಹೊಣೆ’. ನಾನು ಪರ, ಅರ್ಥಶಾಸ್ತ್ರದ ಉಪನ್ಯಾಸಕರೊಬ್ಬರು ವಿರೋಧ. ತಲಾ ಇಪ್ಪತ್ತು ನಿಮಿಷ, ಆಮೇಲೆ ಸಭೆಯ ಪ್ರಶ್ನೆಗಳು. ಅಲ್ಲಿಯವರೆಗೆ ನಾನು ವೇದಿಕೆ ಹತ್ತಿದವನಲ್ಲ.

ಮೊದಲ ವಾರ ನಾಲ್ಕು ಪುಟ ಬರೆದೆ. ಎಣ್ಣೆ ಮೆತ್ತಿಕೊಂಡ ಹಕ್ಕಿಗಳು, ಕಪ್ಪಾದ ದಂಡೆ, ಕಂಪನಿಗಳ ದುರಾಸೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಎದುರಿನವರು ಎದ್ದು ನಿಂತು, ‘ತಾವು ಇಲ್ಲಿಗೆ ಬಂದದ್ದು ಬೈಕಿನಲ್ಲಿ ತಾನೆ?’ ಎಂದು ಒಂದೇ ಒಂದು ಮಾತು ಕೇಳಿದರೆ ನಾಲ್ಕೂ ಪುಟ ನೀರಿಗೆ ಬಿದ್ದಂತೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಕೊರೆಯಲೇಬೇಡಿ ಎಂದು ವಾದಿಸಲು ನನಗೆ ಮನಸ್ಸೂ ಇರಲಿಲ್ಲ, ನನ್ನ ಅನ್ನವೂ ಅಲ್ಲಿಯದೇ. ನನಗೆ ನಿಜವಾಗಿ ಹೇಳಬೇಕಾಗಿದ್ದದ್ದು ಬೇರೆ: ಬಾವಿಯ ಬಳಿ ಕಾಯಬೇಕಾದ ಹೊತ್ತಿನಲ್ಲಿ ಯಾಕೆ ಯಾರೂ ಕಾಯುವುದಿಲ್ಲ, ಕಾಯುವುದರ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದು. ಪುಟಗಳನ್ನು ಎತ್ತಿಟ್ಟೆ. ಇಡೀ ತೈಲೋದ್ಯಮ ಬೇಡ, ಒಂದೇ ಬಾವಿ ಸಾಕು ಅಂದುಕೊಂಡೆ.

ಆ ಬಾವಿಯ ಹೆಸರು ಮಕಾಂಡೊ. ಅಮೆರಿಕದ ಲೂಸಿಯಾನ ದಂಡೆಯಿಂದ ಸುಮಾರು 66 ಕಿ.ಮೀ. ಆಚೆ, ಮೆಕ್ಸಿಕೋ ಕೊಲ್ಲಿಯಲ್ಲಿ, ಸುಮಾರು 1,500 ಮೀಟರ್ ನೀರಿನಡಿ. ಬಾವಿ ಬಿಪಿ ಕಂಪನಿಯದು, ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ಗು ಟ್ರಾನ್ಸೋಷನ್‌ನದು, ಬಾವಿಯ ಸಂದು ಮುಚ್ಚುವ ಸಿಮೆಂಟಿನ ಗುತ್ತಿಗೆ ಹ್ಯಾಲಿಬರ್ಟನ್‌ನದು. 2010ರ ಏಪ್ರಿಲ್ 20ರ ರಾತ್ರಿ ಸ್ಫೋಟ. ರಿಗ್ಗಿನಲ್ಲಿದ್ದ 126 ಮಂದಿಯಲ್ಲಿ 11 ಜನ ಸತ್ತರು. ಎಣ್ಣೆ 87 ದಿನ ಹರಿಯಿತು.

ಅದರ ತನಿಖೆಯ ವರದಿಗಳನ್ನು ಓದುತ್ತ ಹೋದ ಹಾಗೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅದರಲ್ಲಿದ್ದದ್ದು ನನಗೆ ಗೊತ್ತಿರುವ ಜನ, ಗೊತ್ತಿರುವ ಮಾತು. ಉಕ್ಕಿನ ಕೊಳವೆಯನ್ನು ಬಾವಿಯ ನಡುಮಧ್ಯ ನಿಲ್ಲಿಸುವ ಸೆಂಟ್ರಲೈಸರ್‌ಗಳು 21 ಬೇಕೆಂದು ಸಿಮೆಂಟಿನವರ ಲೆಕ್ಕ ಹೇಳಿತ್ತು, ಇಳಿಸಿದ್ದು 6. ಸಿಮೆಂಟು ಸರಿಯಾಗಿ ಹಿಡಿದಿದೆಯೇ ಎಂದು ಉಪಕರಣ ಇಳಿಸಿ ನೋಡಲು ತಂಡವೊಂದು ರಿಗ್ಗಿಗೆ ಬಂದೇ ಬಂದಿತ್ತು. ಕೆಲಸ ಕೊಡದೆ ಅದೇ ದಿನ ಬೆಳಿಗ್ಗೆ ವಾಪಸು ಕಳಿಸಿದರು. ಕೆಲಸ ಆರು ವಾರ ತಡವಾಗಿತ್ತು. ರಿಗ್ಗಿನ ಬಾಡಿಗೆಯೇ ದಿನಕ್ಕೆ 5 ಲಕ್ಷ ಡಾಲರಿಗೂ ಹೆಚ್ಚು.

ಇವೆಲ್ಲ ಸಭೆಗೆ ಹೇಗೋ ಅರ್ಥವಾಗುತ್ತವೆ. ಕಷ್ಟವಾದದ್ದು ನೆಗೆಟಿವ್ ಪ್ರೆಶರ್ ಟೆಸ್ಟ್. ಆ ರಾತ್ರಿಯ ಕಥೆಯೆಲ್ಲ ಅದರಲ್ಲೇ ಇದೆ. ಬಾವಿಯೊಳಗಿನ ಭಾರದ ಕೆಸರನ್ನು ಸ್ವಲ್ಪ ಮಟ್ಟಿಗೆ ತೆಗೆದು, ಹಗುರವಾದ ಸಮುದ್ರದ ನೀರು ತುಂಬಿ, ಕೆಳಗಿನ ಸಿಮೆಂಟು ತಾನೊಂದೇ ಅನಿಲವನ್ನು ತಡೆಯುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಇದನ್ನು ಮೀನುಗಾರರಿಗೆ, ಬಿ.ಕಾಂ. ಓದುವ ಮಕ್ಕಳಿಗೆ ಹೇಗೆ ತೋರಿಸುವುದು? ಮೂರು ಚಿತ್ರ ಬರೆದು ಹರಿದೆ. ನಾಲ್ಕನೆಯ ದಿನ ನಮ್ಮ ಪಕ್ಕದ ಮನೆಗೆ ಜಗುಲಿ ಕಟ್ಟಲು ಬಂದ ಗೌಂಡಿ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಗೋಡೆಯ ಮಟ್ಟ ನೋಡುತ್ತಿದ್ದ. ಎರಡೂ ತುದಿಯ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದಲ್ಲ, ಅದೇ ಮಟ್ಟದ ಪೈಪು. ಕೇಳಿ ತಗೊಂಡು ಬಂದೆ.

ಚರ್ಚೆಯ ದಿನ ಇಬ್ಬರು ವಿದ್ಯಾರ್ಥಿನಿಯರನ್ನು ವೇದಿಕೆಗೆ ಕರೆದು ಪೈಪಿನ ಒಂದೊಂದು ತುದಿ ಕೊಟ್ಟೆ. ನೀರಿಗೆ ಕೆಂಪು ಶಾಯಿ ಹಾಕಿದ್ದೆ. ‘ಈ ತುದಿ ಬಾವಿಯೊಳಗಿನ ಡ್ರಿಲ್ ಪೈಪು, ಆ ತುದಿ ಪಕ್ಕದಲ್ಲಿ ಇಳಿದಿರುವ ಕಿಲ್ ಲೈನ್ ಎಂಬ ಕೊಳವೆ. ಕೆಳಗೆ ಎರಡೂ ಕೂಡಿವೆ. ಹಾಗಾಗಿ ಎರಡೂ ಒಂದೇ ಮಾತು ಹೇಳಬೇಕು’ ಎಂದೆ. ನೀರು ಸಮ ನಿಂತಿತು. ಆಮೇಲೆ ಒಬ್ಬಳಿಗೆ ಹೆಬ್ಬೆರಳಿನಿಂದ ತುದಿ ಒತ್ತಿ ಹಿಡಿಯಲು ಹೇಳಿ, ಇನ್ನೊಂದು ತುದಿಯನ್ನು ತಲೆಗಿಂತ ಮೇಲೆ ಎತ್ತಿಸಿದೆ. ಬೆರಳಿಟ್ಟ ಕಡೆ ನೀರು ಅಲ್ಲಾಡಲಿಲ್ಲ. ‘ಅಲ್ಲಾಡಲಿಲ್ಲ ಎಂದು ಒತ್ತಡವೇ ಇಲ್ಲ ಅನ್ನಬಹುದೆ?’ ಅಂತ ಕೇಳಿ ಬೆರಳು ತೆಗೆಯಲು ಹೇಳಿದೆ. ಕೆಂಪು ನೀರು ಚಿಮ್ಮಿ ಮುಂದಿನ ಸಾಲಿನವರ ಕಾಲ ಬಳಿ ಬಿತ್ತು.

ಮಕಾಂಡೊದಲ್ಲಿ ಡ್ರಿಲ್ ಪೈಪಿನ ಮೀಟರು 1,400 ಪಿಎಸ್‌ಐ ತೋರಿಸುತ್ತಿತ್ತು. ಕಾರಿನ ಟೈರಿನ ಗಾಳಿಯ ನಲವತ್ತು ಪಟ್ಟಿಗೂ ಮೇಲೆ. ಇಳಿಸಿದರೆ ಮತ್ತೆ ಏರುತ್ತಿತ್ತು. ಆದರೆ ಕಿಲ್ ಲೈನಿನಿಂದ ಏನೂ ಹರಿದು ಬರಲಿಲ್ಲ. ಅದು ಎಲ್ಲೋ ಕಟ್ಟಿಕೊಂಡಿರಬೇಕು. ರಿಗ್ಗಿನಲ್ಲಿ ಪರೀಕ್ಷೆಗೆ ಸೇರಿದವರು ಆ 1,400ಕ್ಕೆ ಬ್ಲ್ಯಾಡರ್ ಎಫೆಕ್ಟ್, ಅಂದರೆ ಮೇಲಿನ ಕೆಸರಿನ ಭಾರ ಒತ್ತಿ ಮೀಟರು ಏರಿದೆ, ಎಂಬ ಕಾರಣ ಕೊಟ್ಟುಕೊಂಡರು, ಸುಮ್ಮನಿದ್ದ ಕಿಲ್ ಲೈನನ್ನು ನಂಬಿದರು. ಸುಮಾರು ಎಂಟು ಗಂಟೆಗೆ ಪರೀಕ್ಷೆ ಪಾಸು. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಸ್ಫೋಟ. ಸಮುದ್ರದ ತಳದಲ್ಲಿ ಪೈಪನ್ನೇ ಕತ್ತರಿಸಿ ಬಾವಿ ಮುಚ್ಚಬೇಕಿದ್ದ ಬಿಓಪಿ (ಬ್ಲೋಔಟ್ ತಡೆಯುವ ಯಂತ್ರ) ಕೂಡ, ಪೈಪು ಒಳಗೆ ಬಾಗಿ ಓರೆಯಾಗಿದ್ದರಿಂದ, ಪೂರ್ತಿ ಮುಚ್ಚಲಿಲ್ಲ.

ಇಲ್ಲಿಗೆ ನನ್ನ ಹನ್ನೆರಡು ನಿಮಿಷ ಮುಗಿದಿತ್ತು. ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಹಿಂದಿನ ರಾತ್ರಿವರೆಗೂ ತೀರ್ಮಾನ ಮಾಡಿರಲಿಲ್ಲ. ಹೇಳಿದೆ.

ಕೊಲ್ಲಿ ದೇಶಗಳ ಕಡಲಿನಲ್ಲಿ ನಾನಿದ್ದ ಒಂದು ರಿಗ್ಗು. ರಾತ್ರಿ ಪಾಳಿ. ಬಾವಿಯಿಂದ ಪೈಪು ಮೇಲೆಳೆಯುತ್ತಿದ್ದರು. ಎಳೆದ ಪೈಪಿನಷ್ಟು ಜಾಗಕ್ಕೆ ಟ್ರಿಪ್ ಟ್ಯಾಂಕಿನಿಂದ ಕೆಸರು ಇಳಿಯಬೇಕು. ಎಷ್ಟು ಇಳಿಯಿತು ಎಂದು ನಾವು ಬರೆದುಕೊಳ್ಳುತ್ತೇವೆ. ಆ ಹೊತ್ತು ಲೆಕ್ಕಕ್ಕಿಂತ ಮೂರು ಬ್ಯಾರಲ್ ಕಡಿಮೆ ಇಳಿದಿತ್ತು. ಅಂದರೆ ಮೂರು ಬ್ಯಾರಲ್ಲಿನ ಜಾಗವನ್ನು ಇನ್ನೇನೋ ತುಂಬಿರಬೇಕು. ಆ ಬಾವಿ ನಾಲ್ಕು ದಿನ ತಡವಾಗಿತ್ತು. ಕಂಪನಿ ಮ್ಯಾನ್, ಅಂದರೆ ಬಾವಿಯ ಒಡೆಯ ಕಂಪನಿಯ ಪ್ರತಿನಿಧಿ, ಸಂಜೆಯ ಸಭೆಯಲ್ಲಿ ಬೈದಿರಲಿಲ್ಲ, ಅವಸರ ಮಾಡಿ ಎಂದೂ ಅಂದಿರಲಿಲ್ಲ. ಗೋಡೆಯ ಮೇಲಿನ, ಕೆಲಸದ ದಿನಗಳ ಚಾರ್ಟಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದರು, ಅಷ್ಟೆ. ನಾನು ಆ ಮೂರು ಬ್ಯಾರಲ್ಲನ್ನು ಮೀಟರಿನ ತಪ್ಪು ಎಂದು ಮನಸ್ಸಿನಲ್ಲೇ ತಿದ್ದಿಕೊಂಡೆ. ಹದಿನೈದು ನಿಮಿಷ ಬಾಯಿ ಬಿಡಲಿಲ್ಲ. ಕೊನೆಗೆ ಡ್ರಿಲ್ಲರ್ ತಾನೇ ಕೆಲಸ ನಿಲ್ಲಿಸಿ ಬಾವಿ ಹರಿಯುತ್ತಿದೆಯೇ ಎಂದು ನೋಡಿದ. ಸಣ್ಣಗೆ ಹರಿಯುತ್ತಿತ್ತು. ಬಾವಿ ಮುಚ್ಚಿ, ಭಾರದ ಕೆಸರು ಬೆರೆಸಿ ಬೆಳಗಿನ ಜಾವಕ್ಕೆ ಹತೋಟಿಗೆ ತಂದೆವು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಹದಿನೈದು ನಿಮಿಷ ನನ್ನದು.

ಇದನ್ನು ಹೇಳಿ ಸಭೆಯ ಮುಂದಿಟ್ಟ ಪ್ರಶ್ನೆ ಇದು: ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಮೂರು ಬ್ಯಾರಲ್ ಎಂದು ಬಾಯಿಬಿಟ್ಟು ಹೇಳಲು ನನಗೆ ಅಂಜಿಕೆ ಹುಟ್ಟಿಸಿದ ಆ ಚಾರ್ಟು ಯಾರದು? ಅವಸರಕ್ಕೆ ಯಾರೂ ಸಹಿ ಹಾಕುವುದಿಲ್ಲ. ಹಾಗಾಗಿ ಅನಾಹುತವಾದ ಮೇಲೆ ಹುಡುಕಿದರೆ ಸಿಗುವುದು ಡ್ರಿಲ್ಲರನ ಕೈ, ಇಂಜಿನಿಯರನ ಕಣ್ಣು. ನಮ್ಮ ರಿಗ್ಗಿನಲ್ಲೂ ಅಪಘಾತವಿಲ್ಲದ ದಿನಗಳನ್ನು ಎಣಿಸುವ ಬೋರ್ಡು ಇತ್ತು. ಯಾರ ಕೈಬೆರಳು ಜಜ್ಜಿತು, ಯಾರು ಮೆಟ್ಟಿಲಲ್ಲಿ ಜಾರಿದರು ಎಂಬುದು ಅದರಲ್ಲಿ ಬರುತ್ತದೆ. ಬಾವಿ ಎಷ್ಟು ಸಲ ಎಚ್ಚರಿಸಿತು ಎಂಬುದು ಬರುವುದಿಲ್ಲ. ಡೀಪ್‌ವಾಟರ್ ಹೊರೈಜನ್‌ನಲ್ಲಿ ಏಳು ವರ್ಷ ಅಂಥ ಗಂಭೀರ ಗಾಯವೇ ಆಗಿರಲಿಲ್ಲ. ಅದನ್ನು ಮೆಚ್ಚಿಕೊಳ್ಳಲು ದೊಡ್ಡ ಅಧಿಕಾರಿಗಳು ರಿಗ್ಗಿಗೆ ಬಂದಿದ್ದದ್ದು ಅದೇ ಏಪ್ರಿಲ್ 20ರಂದು.

ಉಪನ್ಯಾಸಕರು ಒಳ್ಳೆಯ ವಾದಿ. ಬೈಕಿನ ಮಾತು ಎತ್ತಲೇ ಇಲ್ಲ. ಅಮೆರಿಕವೇ 1990ರ ತೈಲ ಮಾಲಿನ್ಯ ಕಾಯ್ದೆಯಲ್ಲಿ ಕಡಲ ಬಾವಿಗಳ ನಷ್ಟ ಪರಿಹಾರಕ್ಕೆ 7.5 ಕೋಟಿ ಡಾಲರ್ ಮಿತಿ ಹಾಕಿತ್ತು, ಮಿತಿಯಿಲ್ಲದ ಹೊಣೆ ಹೊರಿಸಿದರೆ ಬಂಡವಾಳ ಹಾಕುವವರು ಯಾರು ಎಂದು ಶುರು ಮಾಡಿದರು. ಇದಕ್ಕೆ ನಾನು ಸಿದ್ಧನಿದ್ದೆ. ಎಣ್ಣೆ ತೆಗೆದು ಸ್ವಚ್ಛ ಮಾಡುವ ಖರ್ಚು ಆ ಮಿತಿಗೆ ಸೇರುವುದೇ ಇಲ್ಲ. ಘೋರ ನಿರ್ಲಕ್ಷ್ಯವಿದ್ದರೆ ಮಿತಿಯೇ ಇಲ್ಲ. ಬಿಪಿ ತಾನಾಗಿ ಮಿತಿಯನ್ನು ಬಿಟ್ಟುಕೊಟ್ಟಿತ್ತು. 2014ರಲ್ಲಿ ನ್ಯಾಯಾಧೀಶ ಕಾರ್ಲ್ ಬಾರ್ಬಿಯರ್ ಬಿಪಿಯದು ಘೋರ ನಿರ್ಲಕ್ಷ್ಯ ಎಂದೇ ತೀರ್ಪು ಕೊಟ್ಟು, ಹೊಣೆಯನ್ನು ಬಿಪಿಗೆ ಶೇ. 67, ಟ್ರಾನ್ಸೋಷನ್‌ಗೆ 30, ಹ್ಯಾಲಿಬರ್ಟನ್‌ಗೆ 3 ಎಂದು ಹಂಚಿದರು. ನಮ್ಮ ಸುಪ್ರೀಂ ಕೋರ್ಟು ಇದಕ್ಕೂ ಎಷ್ಟೋ ಮೊದಲು, 1986ರ ಡಿಸೆಂಬರಿನಲ್ಲಿ, ದೆಹಲಿಯ ಓಲಿಯಂ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದೆ: ಅಪಾಯದ ಉದ್ಯಮ ನಡೆಸುವವರದು ಸಂಪೂರ್ಣ ಹೊಣೆ, ನಿರ್ಲಕ್ಷ್ಯ ಇರಲಿಲ್ಲ ಎಂಬ ನೆಪವೂ ನಡೆಯುವುದಿಲ್ಲ.

ಅವರ ಎರಡನೆಯ ಏಟು ನನಗೆ ಸರಿಯಾಗಿ ತಾಗಿತು. ‘ನಮ್ಮ ದೇಶದಲ್ಲಿ ಕಡಲ ಎಣ್ಣೆ ತೆಗೆಯುವ ದೊಡ್ಡ ಸಂಸ್ಥೆ ಸರ್ಕಾರದ್ದೇ. ದಂಡ ಹಾಕಿದರೆ ಅದು ನನ್ನ, ನಿಮ್ಮ ದುಡ್ಡು. ಜನರ ದುಡ್ಡನ್ನು ಜನರಿಗೇ ಕೊಟ್ಟು ಹೊಣೆ ತೀರಿತು ಅನ್ನುತ್ತೀರಾ?’ ಇದನ್ನು ನಾನು ಯೋಚಿಸಿರಲೇ ಇಲ್ಲ. ಎದ್ದು ನಿಂತು ಅರ್ಧ ನಿಮಿಷ ಸುಮ್ಮನಿದ್ದೆ. ಆಮೇಲೆ 2005ರ ಜುಲೈ 27 ನೆನಪಾಯಿತು.

ಆಗ ನಾನು ರಜೆಯಲ್ಲಿ ಊರಿನಲ್ಲಿದ್ದೆ. ಹಿಂದಿನ ದಿನವಷ್ಟೇ ಮುಂಬೈ ಮಳೆಯಲ್ಲಿ ಮುಳುಗಿತ್ತು. ಬಾಂಬೆ ಹೈನಲ್ಲಿ ಸಮುದ್ರ ಸುರಕ್ಷಾ ಎಂಬ ಹಡಗಿನ ಅಡುಗೆಯವನ ಎರಡು ಬೆರಳಿನ ತುದಿ ಕತ್ತರಿಸಿ ಹೋಗಿದ್ದವು. ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಅವನನ್ನು ಕ್ರೇನಿನ ಬುಟ್ಟಿಯಲ್ಲಿ ಉತ್ತರದ ಪ್ಲಾಟ್‌ಫಾರ್ಮಿಗೆ ಏರಿಸಲು ಹಡಗು ಹತ್ತಿರ ಬಂತು. ಗಾಳಿಯ ಮರೆಯ ಬದಿಯ ಕ್ರೇನು ಕೆಟ್ಟಿತ್ತು, ಆದ್ದರಿಂದ ಗಾಳಿ ಬಡಿಯುವ ಬದಿಗೇ ಬರಬೇಕಾಯಿತು. ಹಡಗನ್ನು ನಿಂತಲ್ಲೇ ಹಿಡಿಯುವ ಥ್ರಸ್ಟರ್‌ಗಳ ಹತೋಟಿಯೂ ಸರಿಯಿರಲಿಲ್ಲ. ಗಾಯಾಳುವನ್ನು ಏರಿಸಿ ಹಿಂದೆ ಸರಿಯುವಾಗ ಅಲೆ ಎತ್ತಿ ಹಾಕಿತು. ಹಡಗಿನ ಹೆಲಿಡೆಕ್ಕು ಅನಿಲದ ರೈಸರ್ ಪೈಪಿಗೆ ಬಡಿಯಿತು. ಎರಡು ಗಂಟೆಯೊಳಗೆ ಪ್ಲಾಟ್‌ಫಾರ್ಮು ಸುಟ್ಟು ಕಡಲಿಗೆ ಬಿತ್ತು. 362 ಮಂದಿ ಉಳಿದರು, 22 ಮಂದಿ ಹೋದರು.

‘ಸರ್, ಇಲ್ಲಿ ದಂಡದ ಮಾತು ಬಿಡೋಣ’ ಎಂದೆ. ‘ಹಡಗು ಬರುವ ದಾರಿಯಲ್ಲೇ ಅನಿಲದ ಪೈಪು ರಕ್ಷಣೆಯಿಲ್ಲದೆ ನಿಂತಿತ್ತು. ಕೆಟ್ಟ ಕ್ರೇನು ಕೆಟ್ಟೇ ಇತ್ತು. ಇವನ್ನು ಸರಿ ಮಾಡದೆ ಕೆಲಸ ಶುರು ಮಾಡುವಂತಿಲ್ಲ ಎಂದು ಹೇಳುವ ಅಧಿಕಾರ ಹೊರಗಿನವರೊಬ್ಬರಿಗೆ ಇರಬೇಕಿತ್ತು. ಹೊಣೆ ಅಂದರೆ ನನಗೆ ಅದು.’ 1988ರ ಜುಲೈ 6ರಂದು ಬ್ರಿಟನ್ನಿನ ಪೈಪರ್ ಆಲ್ಫಾ ತೈಲ ಪ್ಲಾಟ್‌ಫಾರ್ಮಿನಲ್ಲಿ 167 ಜನ ಸತ್ತ ಮೇಲೆ ತನಿಖೆ ನಡೆಸಿದ ನ್ಯಾಯಾಧೀಶ ಲಾರ್ಡ್ ಕಲನ್ ಮಾಡಿದ 106 ಶಿಫಾರಸುಗಳ ತಿರುಳೂ ಇದೇ: ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೀರಿ ಎಂದು ಕಂಪನಿ ಮೊದಲೇ ಬರೆದು, ತೋರಿಸಿ, ಒಪ್ಪಿಗೆ ಪಡೆಯಬೇಕು. ನಮ್ಮಲ್ಲೂ ಕಡಲ ಕೆಲಸದ ಸುರಕ್ಷತೆಗೆಂದೇ ಪ್ರತ್ಯೇಕ ನಿಯಮ ಬಂದದ್ದು 2008ರಲ್ಲಿ, ಆ 22 ಜೀವ ಹೋದ ಮೇಲೆ. ಉಪನ್ಯಾಸಕರು ತಲೆಯಾಡಿಸಿದರು, ಆದರೆ ತಮ್ಮ ಮಾತು ಬಿಡಲಿಲ್ಲ. ಸರ್ಕಾರಿ ಸಂಸ್ಥೆಯನ್ನು ಸರ್ಕಾರದ್ದೇ ಸುರಕ್ಷತಾ ನಿರ್ದೇಶನಾಲಯ ಎಷ್ಟು ಗಟ್ಟಿಯಾಗಿ ತಡೆದೀತು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅಲ್ಲೇ ಒಪ್ಪಿಕೊಂಡೆ.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದರು, ಪಾತಿ ದೋಣಿಯ ಮೀನುಗಾರರು. ಮಳೆಗಾಲದ ಮೊದಲು ನಮ್ಮ ದಂಡೆಗೆ ಬರುವ ಡಾಂಬರು ಉಂಡೆಯೊಂದನ್ನು ಎಲೆಯಲ್ಲಿ ಸುತ್ತಿ ತಂದಿದ್ದರು. ‘ಇದು ಬಲೆಗೆ ಹತ್ತಿದರೆ ಸೀಮೆಎಣ್ಣೆ ಹಾಕಿ ತಿಕ್ಕಬೇಕು. ಅಮೆರಿಕದ ಬಾವಿಗೆ ಕಂಪನಿ ಸಿಕ್ಕಿತು. ಇದಕ್ಕೆ ಯಾರು?’

ಇಪ್ಪತ್ತು ನಿಮಿಷ ಹೊಣೆಯ ಬಗ್ಗೆ ಮಾತಾಡಿದವನ ಹತ್ತಿರ ಆ ಉಂಡೆಗೆ ನೇರ ಉತ್ತರ ಇರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. ಎಣ್ಣೆಗೂ ಬೆರಳಚ್ಚು ಇದೆ. ಪ್ರತಿ ತೈಲಕ್ಷೇತ್ರದ ಕಚ್ಚಾತೈಲದ ರಾಸಾಯನಿಕ ಗುರುತು ಬೇರೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ದಂಡೆಯ ಉಂಡೆಗಳನ್ನು ಹೀಗೆ ತಾಳೆ ನೋಡಿದ್ದಾರೆ, ಟ್ಯಾಂಕರು ತೊಳೆದು ಬಿಟ್ಟ ಎಣ್ಣೆಯೂ ಇದೆ, ಬಾಂಬೆ ಹೈ ಕಡೆಯದೂ ಇದೆ. ಆದರೆ ಯಾವ ದಿನ, ಯಾವ ಹಡಗು, ಯಾವ ಪೈಪು ಎಂಬುದು ಉಂಡೆಯಲ್ಲಿ ಬರೆದಿರುವುದಿಲ್ಲ. ಯಜಮಾನರು ‘ಹಾಗಾದ್ರೆ ಬರೆದಿಡಬೇಕು’ ಎಂದು ಕೂತರು.

ಮತ ಹಾಕಿಸಿದರು. ವಿಷಯದ ಪರವಾಗಿ ಹೆಚ್ಚು ಕೈ ಎದ್ದವು.

ಪೈಪಿನ ತುದಿ ಹಿಡಿದಿದ್ದ ಹುಡುಗಿಯರಲ್ಲಿ ಒಬ್ಬಳು ಮರುವಾರ ಮನೆಗೆ ಬಂದಳು. ಕ್ಯಾಲೆಂಡರಿನ ಹಿಂಬದಿಯಲ್ಲಿ ಡಾಂಬರು ಉಂಡೆಗಳ ಲೆಕ್ಕ ಬರೆಯಲು ಗೆರೆ ಎಳೆದು ಮನೆ ಹಾಕಿಕೊಂಡಿದ್ದಳು: ತಾರೀಖು, ದಂಡೆ, ಗಾಳಿಯ ದಿಕ್ಕು, ಉಂಡೆಯ ತೂಕ. ತೂಕಕ್ಕೆ ಏನು ಬಳಸಲಿ ಎಂದು ಕೇಳಿದಳು. ಅಟ್ಟದಿಂದ ನನ್ನ ಹಳೆಯ ಪೆಟ್ಟಿಗೆ ಇಳಿಸಿ ನೋಡಿದೆ. ಅದರಲ್ಲಿ ಕೆಸರು ತೂಗುವ ಮಡ್ ಬ್ಯಾಲೆನ್ಸ್ ಇತ್ತು, ಅದು ಉಂಡೆಗೆ ಆಗುವುದಿಲ್ಲ. ಕೊನೆಗೆ ಬಂಗಾರದಂಗಡಿಯ ಹಳೆಯ ತಕ್ಕಡಿಯೊಂದನ್ನು ಹುಡುಕಿ ಕೊಟ್ಟೆ. ಬೇಲೆಕೇರಿಯಿಂದ ಗಂಗಾವಳಿ ಅಳಿವೆಯವರೆಗಿನ ದಂಡೆಗಳನ್ನು ನಾಲ್ಕು ಮಕ್ಕಳು ಹಂಚಿಕೊಂಡಿದ್ದಾರೆ. ಮುಂದಿನ ಮೇ ತಿಂಗಳಿಗೆ ಶುರು.